ಬಸ್ಸಿನ ಬೋರ್ಡು ಬಿಟ್ಟು ಬೇರೆ ಏನೂ ಬಿಡಿಸುವುದಿಲ್ಲ, ಏನು ಮಾಡಲಿ?

ಪ್ರಶ್ನೆ: ನನ್ನ ಮಗನಿಗೆ 17 ವರ್ಷ. ಆಟಿಸಂ ಉಂಟು ಅಂತ ನಾಲ್ಕನೇ ವಯಸ್ಸಿನಲ್ಲಿ ಗೊತ್ತಾಯಿತು. ಮಾತು ಕಡಿಮೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಥೆರಪಿಗೆ ಹೋದರೆ ಮಲಯಾಳ. ಬೆಳಿಗ್ಗೆ ಎದ್ದ ಕೂಡಲೇ ಬಸ್ಸಿನ ಬೋರ್ಡು ಬಿಡಿಸಲು ಕೂರುತ್ತಾನೆ. ಕಾಸರಗೋಡು, ಚೆರ್ಕಳ, ಬೋವಿಕ್ಕಾನ, ಮುಳ್ಳೇರಿಯ, ಸುಳ್ಯ. ಅಷ್ಟೇ, ಬೇರೆ ಏನೂ ಇಲ್ಲ. ಅರ್ಧಕ್ಕೆ ಎಬ್ಬಿಸಿದರೆ ಮಾತ್ರ ಕೂಗುತ್ತಾನೆ. ಹಲ್ಲುಜ್ಜುವುದರಿಂದ ಹಿಡಿದು ಎಲ್ಲದಕ್ಕೂ ಜಗಳ. ಡ್ರಾಯಿಂಗ್ ಕ್ಲಾಸಿಗೆ ಹಾಕು ಅಂತ ನನ್ನ ಅಣ್ಣ ಹೇಳುತ್ತಾನೆ. ಪುಸ್ತಕ ಕಿತ್ತಿಟ್ಟರೆ ಬೇಕಾದದ್ದನ್ನು ಬಾಯಿಬಿಟ್ಟು ಕೇಳುತ್ತಾನೆ ಅಂತ ಇನ್ನೊಬ್ಬರು. ಕೈ ಹಿಡಿದು ಬರೆಸಿದರೆ ಇಂಥ ಮಕ್ಕಳು ಕವನವನ್ನೇ ಬರೆಯುತ್ತಾರೆ ಅಂತ ಹೇಳಿ ಒಬ್ಬರು ಫೀಸು ಕೇಳಿದ್ದಾರೆ. ಯಕ್ಷಗಾನದ ವೇಷ ಅಂದರೆ ಅವನಿಗೆ ಜೀವ, ಆದರೆ ಚೆಂಡೆ ಕೇಳಿದರೆ ಕಿವಿ ಮುಚ್ಚಿ ಓಡುತ್ತಾನೆ. ಸ್ಪೆಷಲ್ ಸ್ಕೂಲ್ ಕಲೋತ್ಸವಕ್ಕೆ ಚಿತ್ರ ಕೊಡಿ ಅಂತಲೂ ಕೇಳಿದ್ದಾರೆ. ನನಗೆ ಏನು ಮಾಡುವುದು ಅಂತ ಗೊತ್ತಾಗುತ್ತಿಲ್ಲ. ಮುಂದೆ ಅವನ ಬದುಕು ಹೇಗೆ?
(ಮುಳ್ಳೇರಿಯ ಕಡೆಯ ಒಬ್ಬ ತಾಯಿ)

ಉತ್ತರ: ನೀವು ಪತ್ರದ ಜೊತೆ ಕಳಿಸಿದ ಅವನ ಐದು ಚಿತ್ರಗಳ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಎರಡನೇ ಚಿತ್ರದಲ್ಲಿ ‘ಮುಳ್ಳೇರಿಯ’ದ ‘ರಿ’ ಸ್ವಲ್ಪ ಮಾಸಿದೆ. ನಾಲ್ಕನೆಯದರಲ್ಲೂ ಅದೇ ‘ರಿ’, ಅಷ್ಟೇ ಮಾಸಿದೆ. ಅಂದರೆ ಪೇಂಟ್ ಹೋದ ಒಂದು ಬೋರ್ಡು ನಿಮ್ಮ ರೋಡಿನಲ್ಲಿ ಓಡಾಡುತ್ತಿದೆ, ಅವನು ಅದನ್ನೇ ಬಿಡಿಸಿದ್ದಾನೆ. ಐದನೆಯದರಲ್ಲಿ ಮೇಲೆ ಮಲಯಾಳ, ಕೆಳಗೆ ಕನ್ನಡ, ಬಲಗಡೆ ಮೂಲೆಯಲ್ಲಿ ಒಂದು ಸ್ಕ್ರೂ, ಅದರ ಸುತ್ತ ತುಕ್ಕು. ತುಕ್ಕಿಗೆ ಕಂದು ಬಣ್ಣದ ಮೇಲೆ ಕಿತ್ತಳೆ ಬಣ್ಣ ತಿಕ್ಕಿದ್ದಾನೆ. ನಮ್ಮ ಕಣ್ಣಿಗೆ ಐದೂ ಒಂದೇ. ಅವನಿಗೆ ಯಾವುದು ಯಾವ ಬಸ್ಸು ಅಂತ ಗೊತ್ತು.

ಹಾಗಾಗಿ ಮೊದಲ ಮಾತು: ಬೇರೆ ಚಿತ್ರ ಕಲಿಸಲೇಬೇಕು ಅನ್ನುವ ಹಠ ಬಿಡಿ. ಅವನು ಬೇರೆ ಚಿತ್ರ ಬಿಡಿಸುತ್ತಿಲ್ಲ ಅನ್ನುವುದು ಸಮಸ್ಯೆ ಅಲ್ಲ. ಬಿಡಿಸುವುದಕ್ಕೂ ಮನೆಯ ಉಳಿದ ಕೆಲಸಕ್ಕೂ ಹೊಂದಿಕೆ ಆಗುತ್ತಿಲ್ಲ, ಅಷ್ಟೇ. ಇವು ಎರಡು ಬೇರೆ ವಿಷಯ. ಎರಡನೆಯದನ್ನು ಸರಿ ಮಾಡಲು ಹೋಗಿ ಮೊದಲನೆಯದನ್ನು ಕೆಡಿಸುವವರೇ ಜಾಸ್ತಿ.

ಲಿಯೋ ಕ್ಯಾನರ್ ಅನ್ನುವ ವೈದ್ಯರು 1943ರಲ್ಲಿ ಅಮೆರಿಕದಲ್ಲಿ 11 ಮಕ್ಕಳ ಬಗ್ಗೆ ಬರೆದರು. ಆಟಿಸಂ ಬಗ್ಗೆ ಇವತ್ತು ನಾವು ಆಡುವ ಎಷ್ಟೋ ಮಾತು ಶುರುವಾದದ್ದು ಅಲ್ಲಿಂದ. ಎಲ್ಲವೂ ಇದ್ದ ಹಾಗೇ ಇರಬೇಕು ಅನ್ನುವ ಬಯಕೆ ಈ ಮಕ್ಕಳಲ್ಲಿ ಬಲವಾಗಿರುವುದನ್ನು ಅವರು ಆಗಲೇ ಗಮನಿಸಿದ್ದರು. ಆಮೇಲೆ ಬಹಳ ಕಾಲ ಅದನ್ನು ಬರೀ ಕೊರತೆಯಾಗಿಯೇ ನೋಡಿದರು. ಆದರೆ ಅವನ ಕಡೆಯಿಂದ ಒಮ್ಮೆ ನೋಡಿ. ಯಾರು ಯಾವಾಗ ಏನು ಹೇಳುತ್ತಾರೋ, ಯಾವ ಶಬ್ದ ಎಲ್ಲಿಂದ ಬರುತ್ತದೋ ಗೊತ್ತಿಲ್ಲದ ಲೋಕ ಇದು. ಅದರಲ್ಲಿ ಚೆರ್ಕಳದ ಮುಂದೆ ಬೋವಿಕ್ಕಾನ, ಬೋವಿಕ್ಕಾನದ ಮುಂದೆ ಮುಳ್ಳೇರಿಯ ಅನ್ನುವುದು ಮಾತ್ರ ತಪ್ಪುವುದಿಲ್ಲ. ಸಮಾಧಾನಕ್ಕೆ ಮಾತ್ರ ಬಿಡಿಸುತ್ತಾನೆ ಅಂತಲೂ ತಿಳಿಯಬೇಡಿ. ಖುಷಿಗೂ ಬಿಡಿಸುತ್ತಾನೆ. ಅಕ್ಷರದ ಆಕಾರ ಅಂದರೆ ಅವನಿಗೆ ಇಷ್ಟ, ಅಷ್ಟೇ ಇರಬಹುದು. ನಮ್ಮ ಇಷ್ಟಗಳಿಗೆ ನಾವು ಯಾರಿಗೂ ಕಾರಣ ಕೊಡುವುದಿಲ್ಲ, ಅಲ್ವಾ?

ಪುಸ್ತಕ ಕಿತ್ತಿಡಿ ಅಂದವರ ಮಾತಿಗೆ ಬರುತ್ತೇನೆ. ಅದು ಎಲ್ಲಿಂದ ಬಂದಿರಬಹುದು ಅಂತ ನನಗೊಂದು ಅಂದಾಜು ಉಂಟು. ಸ್ಟೀಫನ್ ವಿಲ್ಟ್‌ಶೈರ್ ಅಂತ ಲಂಡನ್ನಿನ ಒಬ್ಬ ಕಲಾವಿದರಿದ್ದಾರೆ, ಹುಟ್ಟಿದ್ದು 1974ರಲ್ಲಿ. ಚಿಕ್ಕವರಿದ್ದಾಗ ಮಾತಿರಲಿಲ್ಲ, ಮೂರನೇ ವಯಸ್ಸಿನಲ್ಲಿ ಆಟಿಸಂ ಅಂತ ಗೊತ್ತಾಯಿತು. ಮೊದಲು ಪ್ರಾಣಿಗಳನ್ನು, ಆಮೇಲೆ ಲಂಡನ್ನಿನ ಬಸ್ಸುಗಳನ್ನು, ಆಮೇಲೆ ಕಟ್ಟಡಗಳನ್ನು ಬಿಡಿಸಿದರು. ಒಂದು ಸಲ ಹೆಲಿಕಾಪ್ಟರಿನಲ್ಲಿ ಕೂತು ನೋಡಿದ ಊರನ್ನು ನೆನಪಿನಿಂದಲೇ ಉದ್ದನೆಯ ಕಾಗದದ ಮೇಲೆ ಇಳಿಸುವವರು. 2006ರಲ್ಲಿ ಬ್ರಿಟನ್ನಿನ ಎಂಬಿಇ ಗೌರವ ಬಂತು. ಅವರ ಶಾಲೆಯಲ್ಲಿ ಟೀಚರುಗಳು ಚಿತ್ರದ ಸಾಮಾನು ತೆಗೆದಿಟ್ಟಾಗ ಅವರಾಡಿದ ಮೊದಲ ಮಾತು ‘ಪೇಪರ್’. ಈ ಕಥೆ ಎಲ್ಲ ಕಡೆ ಹಬ್ಬಿದೆ. ಅದನ್ನು ಕೇಳಿ ತಮ್ಮ ಮಗುವಿನ ಪೆನ್ಸಿಲ್ ಬಚ್ಚಿಟ್ಟ ಅಪ್ಪ ಅಮ್ಮಂದಿರನ್ನು ನಾನು ನೋಡಿದ್ದೇನೆ. ದಯವಿಟ್ಟು ಬೇಡ. ಒಬ್ಬರ ಬದುಕಿನಲ್ಲಿ ನಡೆದದ್ದು ಎಲ್ಲರಿಗೂ ವಿಧಾನ ಆಗುವುದಿಲ್ಲ. ನಿಮ್ಮ ಮಗನಿಗೆ ಈಗ 17. ಅವನ ಪುಸ್ತಕ ಕಿತ್ತುಕೊಂಡರೆ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ, ಮಾತು ಬರುವ ಗ್ಯಾರಂಟಿ ಇಲ್ಲ.

ಇನ್ನೊಂದು ಕಡೆಯೂ ಎಚ್ಚರ ಬೇಕು. ಆಟಿಸಂ ಇರುವ ಎಲ್ಲರಲ್ಲೂ ಇಂಥ ಅಸಾಮಾನ್ಯ ಶಕ್ತಿ ಇರುವುದಿಲ್ಲ, ಬಹಳಷ್ಟು ಜನರಲ್ಲಿ ಇಲ್ಲ. ಇರಲೇಬೇಕು ಅಂತಲೂ ಇಲ್ಲ. ನಿಮ್ಮ ಮಗ ವಿಲ್ಟ್‌ಶೈರ್ ಆಗಬೇಕಾಗಿಲ್ಲ. ಚಿತ್ರ ಬಿಡಿಸಲು ಅವನಿಗೆ ಪ್ರತಿಭೆಯ ಸರ್ಟಿಫಿಕೇಟ್ ಯಾಕೆ?

ಡ್ರಾಯಿಂಗ್ ಕ್ಲಾಸ್ ಬಗ್ಗೆ. ನಮ್ಮ ಕಡೆಯ ಹೆಚ್ಚಿನ ಕ್ಲಾಸುಗಳಲ್ಲಿ ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕದಲ್ಲಿ ತೆಂಗಿನಮರ, ಕೊನೆಗೆ ಗ್ರೇಡ್. ಅಂಥಲ್ಲಿಗೆ ಬೇಡ. ಪಕ್ಕದಲ್ಲಿ ಕೂತು ತಾನೂ ಒಂದು ಬೋರ್ಡು ಬಿಡಿಸುವ ಟೀಚರ್ ಸಿಕ್ಕರೆ ಕಳಿಸಿ. ಅವನ ಕಾಗದದ ಮೇಲೆ ಕೈ ಹಾಕಿ ತಿದ್ದುವವರಾದರೆ ಮೊದಲ ದಿನವೇ ಕರೆದುಕೊಂಡು ಬನ್ನಿ. ಮನೆಯಲ್ಲೂ ಅಷ್ಟೇ. ‘ಡ್ರೈವರನ್ನೂ ಬಿಡಿಸು’ ಅಂತ ಒತ್ತಾಯ ಮಾಡಬೇಡಿ.

ಹೊಸತನ್ನು ಅವನ ಮುಂದೆ ತರಲು ಸುಲಭದ ದಾರಿ ವಿಷಯ ಬದಲಿಸುವುದಲ್ಲ, ಸಾಮಾನು ಬದಲಿಸುವುದು. ಅದೇ ಬೋರ್ಡು, ಆದರೆ ಒಣಗಿದ ಅಡಿಕೆ ಹಾಳೆಯ ಮೇಲೆ. ಅಂಗಳದಲ್ಲಿ ಬಿದ್ದಿರುತ್ತದೆ, ಖರ್ಚಿಲ್ಲ. ಉದ್ದಕ್ಕೆ ಸೀಳಿ, ಒರೆಸಿ, ಭಾರ ಇಟ್ಟು ಚಪ್ಪಟೆ ಮಾಡಿದರೆ ಬೋರ್ಡಿನ ಆಕಾರವೇ ಬರುತ್ತದೆ. ಅದರ ಮೇಲೆ ಪೇಂಟ್ ಚೆನ್ನಾಗಿ ಕೂರುತ್ತದೆ. ಅವನ ಮುಂದೆ ಇಟ್ಟು ನೀವು ಸುಮ್ನೆ ಇರಿ. ಮುಟ್ಟಿದರೆ ಮುಟ್ಟಲಿ, ಬಿಟ್ಟರೆ ಬಿಡಲಿ, ಎರಡು ವಾರ ಅಲ್ಲೇ ಇರಲಿ. ಕೆಲವರಿಗೆ ಕ್ರೇಯಾನಿನ ಮೇಣದ ವಾಸನೆ ಆಗುವುದಿಲ್ಲ, ಕೆಲವರಿಗೆ ಸ್ಕೆಚ್ ಪೆನ್ನು ಕಾಗದದ ಮೇಲೆ ಕಿರ್ ಅನ್ನುವುದು, ಅಂಟು ಬೆರಳಿಗೆ ಹತ್ತುವುದು ಸಹಿಸಲಾಗುವುದಿಲ್ಲ. ಅದನ್ನು ‘ಆಸಕ್ತಿ ಇಲ್ಲ’ ಅಂತ ಓದಬೇಡಿ. ಕೈ ಬೇಗ ಸೋಲುತ್ತಿದ್ದರೆ ದಪ್ಪ ಪೆನ್ಸಿಲ್ ಕೊಡಿ, ಒಂದು ಹಲಗೆಯನ್ನು ಸ್ವಲ್ಪ ಓರೆಯಾಗಿ ಇಟ್ಟು ಬಿಡಿಸಲು ಬಿಡಿ.

ಈಗ ಬೆಳಗಿನ ಜಗಳ. ನಿಮ್ಮ ಪತ್ರದಲ್ಲಿ ಒಂದು ಸಾಲಿದೆ: ‘ಅರ್ಧಕ್ಕೆ ಎಬ್ಬಿಸಿದರೆ ಮಾತ್ರ ಕೂಗುತ್ತಾನೆ.’ ಉತ್ತರ ಅಲ್ಲೇ ಉಂಟು. ಕೂಗುವುದು ಹಲ್ಲುಜ್ಜಲು ಅಲ್ಲ, ಅರ್ಧಕ್ಕೆ ಬಿಡಬೇಕಲ್ಲ ಅನ್ನುವುದಕ್ಕೆ. ಅವನಿಗೆ ನೀವು ಕೊಡುತ್ತಿರುವುದು ದೊಡ್ಡ ಡ್ರಾಯಿಂಗ್ ಪುಸ್ತಕ, ಒಂದು ಬೋರ್ಡು ಮುಗಿಯಲು ಒಂದು ಗಂಟೆಗೂ ಜಾಸ್ತಿ ಬೇಕು. ಬೆಳಿಗ್ಗೆಗೆ ಮಾತ್ರ ಪೋಸ್ಟ್‌ಕಾರ್ಡಿನಷ್ಟು ಚಿಕ್ಕ ಕಾಗದ ಇಡಿ. ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ, ಮುಗಿದ ಮೇಲೆ ತಾನಾಗಿಯೇ ತಲೆ ಎತ್ತುತ್ತಾನೆ. ದೊಡ್ಡ ಪುಸ್ತಕ ಸಂಜೆಗೆ. ಸಂಜೆಯ ಸಮಯ ಪೂರ್ತಿ ಅವನದು, ಅದನ್ನು ಯಾವ ತಪ್ಪಿಗೂ ಕಡಿಮೆ ಮಾಡಬಾರದು. ಅರ್ಧ ಆದದ್ದನ್ನು ಇಡಲು ಒಂದು ಟ್ರೇ ಇರಲಿ, ಅದನ್ನು ಬೇರೆ ಯಾರೂ ಮುಟ್ಟಬಾರದು. ನಾಳೆಯೂ ಅದು ಅಲ್ಲೇ ಇರುತ್ತದೆ ಅಂತ ಒಂದಷ್ಟು ದಿನ ನೋಡಿದ ಮೇಲೆ ಅರ್ಧಕ್ಕೆ ಬಿಡುವುದು ಅಷ್ಟು ಕಷ್ಟ ಆಗುವುದಿಲ್ಲ.

ಮುಂದೆ ಏನು ಅಂತ ಬಾಯಲ್ಲಿ ಹತ್ತು ಸಲ ಹೇಳುವ ಬದಲು ಕಣ್ಣಿಗೆ ಕಾಣಿಸಿ. ಚಿತ್ರದ ವೇಳಾಪಟ್ಟಿ ಅಂತ ನಾವು ಎಲ್ಲ ಮನೆಗಳಿಗೂ ಹೇಳುತ್ತೇವೆ. ನಿಮ್ಮ ಮನೆಯಲ್ಲಿ ಅದು ಬಸ್ಸಿನ ರೂಟ್ ಆಗಲಿ. ಮೇಲಿನ ಸ್ಟಾಪ್ ‘ಚಿತ್ರ’, ಆಮೇಲೆ ‘ಹಲ್ಲು’, ‘ಸ್ನಾನ’, ‘ದೋಸೆ’, ‘ಶಾಲೆ’. ಬಸ್ಸಿನ ಒಂದು ಚಿಕ್ಕ ಚಿತ್ರವನ್ನು ಅವನೇ ಸರಿಸುತ್ತಾ ಹೋಗಲಿ. ಹೆಸರುಗಳನ್ನು ಅವನ ಕೈಯಲ್ಲೇ ಬರೆಸಿ, ಒಪ್ಪಿದರೆ. ಒಪ್ಪದಿದ್ದರೆ ನೀವೇ ಬರೆಯಿರಿ. ಬಸ್ಸು ಅವನ ಸಂತೋಷ, ಅದನ್ನು ಹಲ್ಲುಜ್ಜಲು ದುಡಿಸುವುದು ಅವನಿಗೆ ಹಿಡಿಸದೆ ಇರಬಹುದು. ಆ ಪಟ್ಟಿಯನ್ನು ಹರಿದು ಹಾಕಿದರೆ ಅದೇ ಅವನ ಉತ್ತರ. ಆಗ ಸಾದಾ ಚಿತ್ರಗಳ ಪಟ್ಟಿ ಮಾಡಿ. ಅವನು ಇಷ್ಟಪಡುವ ಒಂದನ್ನು ಹಿಡಿದು ಎಲ್ಲದಕ್ಕೂ ಕೊಕ್ಕೆ ಹಾಕುವ ಚಾಳಿ ನಮ್ಮಂಥ ಥೆರಪಿಯವರಲ್ಲಿ ಜಾಸ್ತಿ, ಅದಕ್ಕೇ ಹೇಳಿದೆ.

ಹಲ್ಲಿನ ವಿಷಯಕ್ಕೆ ಒಂದೇ ಮಾತು: ಪೇಸ್ಟ್ ಬದಲಿಸಿ ನೋಡಿ. ಪುದಿನಾ ಖಾರ ಕೆಲವರಿಗೆ ಬಾಯಿ ಸುಟ್ಟ ಹಾಗೆ ಆಗುತ್ತದೆ. ಖಾರ ಇಲ್ಲದ್ದು, ಮೆತ್ತಗಿನ ಬ್ರಶ್.

ಮಾತಿಗೆ ಬರೋಣ. ಶಾಲೆಯ ಕಾರ್ಯಕ್ರಮದಲ್ಲಿ ಅವನು ‘ರೈಟ್ ಪೋಯಿ, ರೈಟ್ ಪೋಯಿ’ ಅಂತ ಹೇಳುತ್ತಲೇ ಇದ್ದ, ಎಲ್ಲರೂ ನಕ್ಕರು, ನಿಮಗೆ ಅವಮಾನ ಆಯಿತು ಅಂತ ಬರೆದಿದ್ದೀರಿ. ಬಸ್ಸು ಹೊರಡಲು ಕಂಡಕ್ಟರ್ ಹೇಳುವ ಆ ಮಾತನ್ನು ಅವನು ಸುಮ್ನೆ ಗಿಣಿಪಾಠ ಒಪ್ಪಿಸುತ್ತಿರಲಿಲ್ಲ. ಮೈಕಿನ ಶಬ್ದ ತಡೆಯಲಾಗದೆ ‘ಇಲ್ಲಿಂದ ಹೊರಡುವ’ ಅಂತ ಹೇಳುತ್ತಿದ್ದ. ಅದಕ್ಕಿಂತ ಸರಿಯಾದ ಮಾತು ಆ ಹೊತ್ತಿಗೆ ಬೇರೆ ಯಾವುದು ಉಂಟು ಹೇಳಿ? ಕೇಳಿದ ಮಾತನ್ನು ಹಾಗೇ ಮರಳಿ ಹೇಳುವುದಕ್ಕೆ ಎಕೋಲಾಲಿಯಾ ಅನ್ನುತ್ತಾರೆ. ಹಿಂದೆ ಅದನ್ನು ನಿಲ್ಲಿಸಲು ನೋಡುತ್ತಿದ್ದರು. ಈಗ ಅದರೊಳಗಿನ ಅರ್ಥ ಹುಡುಕುತ್ತೇವೆ. ಒಂದು ನೋಟ್‌ಬುಕ್ ಇಡಿ: ಅವನು ಏನು ಹೇಳಿದ, ಆಗ ಎದುರು ಏನಿತ್ತು, ಆಮೇಲೆ ಏನಾಯಿತು. ಎರಡು ವಾರದಲ್ಲಿ ನಿಮಗೇ ಒಂದು ಡಿಕ್ಷನರಿ ಸಿಗುತ್ತದೆ. ಅದನ್ನು ಶಾಲೆಯ ಟೀಚರಿಗೂ ಕೊಡಿ. ‘ರೈಟ್ ಪೋಯಿ’ ಅಂದ ಕೂಡಲೇ ಯಾರಾದರೂ ಅವನನ್ನು ಹೊರಗೆ ಕರೆದುಕೊಂಡು ಹೋಗಬೇಕು. ಮಾತಾಡಿದರೆ ಕೆಲಸ ಆಗುತ್ತದೆ ಅಂತ ಅವನಿಗೆ ಗೊತ್ತಾಗುವುದು ಹಾಗೆ.

‘ಬೇಡ’ ಅನ್ನುವುದಕ್ಕೂ ಅವನ ಹತ್ತಿರ ಏನಾದರೂ ಇರಬೇಕು. ಶಬ್ದವೋ, ಕಾರ್ಡೋ, ಕೈಸನ್ನೆಯೋ. ವಿಧೇಯತೆ ಕಲಿಸುವ ಗಡಿಬಿಡಿಯಲ್ಲಿ ಇದನ್ನು ಕಲಿಸಲು ನಾವು ಮರೆಯುತ್ತೇವೆ.

ಮನೆಯಲ್ಲಿ ತುಳು ನಿಲ್ಲಿಸಿ ಮಲಯಾಳ ಒಂದೇ ಮಾತಾಡಿ ಅಂತ ನಿಮಗೆ ಹೇಳಿದ್ದಾರಲ್ಲ, ಅದನ್ನು ಪಾಲಿಸಬೇಡಿ. ಎರಡು ಭಾಷೆ ಕೇಳುತ್ತಾ ಬೆಳೆಯುವ ಆಟಿಸಂ ಮಕ್ಕಳ ಮೇಲೆ ಹಲವು ಅಧ್ಯಯನಗಳು ನಡೆದಿವೆ. ಎರಡು ಭಾಷೆಯಿಂದಾಗಿ ಮಾತು ಇನ್ನಷ್ಟು ತಡವಾಗುತ್ತದೆ ಅಂತ ಅವು ತೋರಿಸಿಲ್ಲ. ನೀವು ಬಾರದ ಭಾಷೆಯಲ್ಲಿ ತಡವರಿಸಿದರೆ ಅಜ್ಜಿಯ ಮಾತು, ಜೋಗುಳ, ತಮಾಷೆ ಎಲ್ಲ ಅವನಿಗೆ ತಪ್ಪುತ್ತದೆ. ಕನ್ನಡದಲ್ಲೇ ಮಾತಿನ ಪರೀಕ್ಷೆ, ಸಲಹೆ ಬೇಕಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ಈ ಕೆಲಸ ಮಾಡುತ್ತಿದೆ. ಮುಳ್ಳೇರಿಯದಿಂದ ಸುಳ್ಯ, ಮಡಿಕೇರಿ ದಾರಿಯಾಗಿ ಹೋಗಬಹುದು. ದೂರ ನಿಜ, ಆದರೆ ಒಮ್ಮೆ ಹೋಗಿ ಬರೆಸಿಕೊಂಡು ಬಂದರೆ ಇಲ್ಲಿನ ಥೆರಪಿಸ್ಟ್ ಅದನ್ನು ಮುಂದುವರಿಸಬಹುದು.

ಕೈ ಹಿಡಿದು ಕವನ ಬರೆಸುವವರಿಗೆ ಒಂದು ಪೈಸೆ ಕೊಡಬೇಡಿ. ಇದನ್ನು ನಾನು ಮೆತ್ತಗೆ ಹೇಳುವುದಿಲ್ಲ. ಈ ಪದ್ಧತಿಗೆ ಫೆಸಿಲಿಟೇಟೆಡ್ ಕಮ್ಯುನಿಕೇಶನ್ ಅಂತ ಹೆಸರು. 1990ರ ದಶಕದಲ್ಲೇ ಇದನ್ನು ಪರೀಕ್ಷೆ ಮಾಡಿದರು. ಕೈ ಹಿಡಿದವರಿಗೆ ಒಂದು ಚಿತ್ರ, ಮಗುವಿಗೆ ಇನ್ನೊಂದು ಚಿತ್ರ ತೋರಿಸಿದರು. ಉತ್ತರವಾಗಿ ಬಂದದ್ದು ಕೈ ಹಿಡಿದವರು ನೋಡಿದ ಚಿತ್ರದ ಹೆಸರು. ಅವರು ಬೇಕೆಂದೇ ಮೋಸ ಮಾಡುತ್ತಾರೆ ಅಂತಲ್ಲ, ಎಷ್ಟೋ ಜನರಿಗೆ ತಮ್ಮ ಕೈಯೇ ಬರೆಯುತ್ತಿದೆ ಅಂತ ಗೊತ್ತೇ ಆಗುವುದಿಲ್ಲ. ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘ 2018ರಲ್ಲಿ ಇದನ್ನು ಬಳಸಬಾರದು ಅಂತ ಸ್ಪಷ್ಟವಾಗಿ ಹೇಳಿತು. ಅಕ್ಷರದ ಹಲಗೆಯನ್ನು ಮುಖದೆದುರು ಹಿಡಿದು ತೋರಿಸುವ ರ‍್ಯಾಪಿಡ್ ಪ್ರಾಂಪ್ಟಿಂಗ್ ಅನ್ನುವುದನ್ನೂ ಅದು ಆಗಲೇ ಬೇಡ ಅಂದಿತು. ನಿಮ್ಮ ಮಗನ ಹೆಸರಿನಲ್ಲಿ ಬೇರೆಯವರ ಕವನ ಬಂದರೆ ಹೆಮ್ಮೆ ಪಡಲು ಅದರಲ್ಲಿ ಏನಿದೆ?

ಅದರ ಬದಲು ಹೀಗೆ ಮಾಡಿ. ಎರಡು ಕಾರ್ಡಿನ ಮೇಲೆ ‘ಚಾ’, ‘ನೀರು’ ಅಂತ ಬರೆಯಿರಿ, ಚಿತ್ರ ಹಾಕಬೇಡಿ. ಬಾಯಾರಿ ಬಂದಾಗ ಮುಂದೆ ಇಡಿ. ಯಾವುದು ಮುಟ್ಟುತ್ತಾನೋ ಅದನ್ನು ಕೊಡಿ. ಮತ್ತೆ ಮತ್ತೆ, ಜಾಗ ಅದಲು ಬದಲು ಮಾಡಿ. ಅಷ್ಟು ಚಂದ ಅಕ್ಷರ ಬಿಡಿಸುವವನು ಅದನ್ನು ಓದುತ್ತಾನಾ, ಅಥವಾ ಆಕಾರವಾಗಿ ಮಾತ್ರ ನೋಡುತ್ತಾನಾ ಅನ್ನುವುದು ಇದರಿಂದ ತಿಳಿಯುತ್ತದೆ. ಓದುತ್ತಾನೆ ಅಂತಾದರೆ ಬರೆದ ಪದಗಳೇ ಅವನ ಮಾತಿನ ದಾರಿ. ಆಕಾರ ಮಾತ್ರ ಅಂತಾದರೆ ಚಿತ್ರದ ಕಾರ್ಡು, ಇಲ್ಲವೇ ಫೋನಿನಲ್ಲಿ ಚಿತ್ರ ಮುಟ್ಟಿದರೆ ಮಾತಾಡುವ ಆ್ಯಪ್. ಚೆನ್ನೈಯಲ್ಲಿ ತಯಾರಾದ ಆವಾಜ್ ಅಂಥದ್ದು. ಇವನ್ನು ಬಳಸಿದರೆ ಇರುವ ಮಾತೂ ನಿಂತುಹೋಗುತ್ತದೆ ಅನ್ನುವುದು ಸುಳ್ಳು ಹೆದರಿಕೆ.

ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಸೀಮೆಯಲ್ಲಿ ಹುಟ್ಟಿ ಚೆಂಡೆಯಿಂದ ತಪ್ಪಿಸಿಕೊಳ್ಳುವುದು ಹೇಗೆ! ನಿಮ್ಮ ಕಷ್ಟ ಅರ್ಥವಾಗುತ್ತದೆ. ಶಬ್ದ, ಬೆಳಕು, ವಾಸನೆ, ಮುಟ್ಟುವುದು ಇವೆಲ್ಲ ಅತಿಯಾಗಿ ಅಥವಾ ಅತಿ ಕಡಿಮೆ ತಾಗುವುದನ್ನು 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಕೈಪಿಡಿಯ ಐದನೇ ಆವೃತ್ತಿ ಆಟಿಸಂ ಲಕ್ಷಣಗಳ ಪಟ್ಟಿಯಲ್ಲೇ ಸೇರಿಸಿತು. ಹಾಗಾಗಿ ‘ಅಭ್ಯಾಸ ಆಗಲಿ’ ಅಂತ ಮುಂದಿನ ಸಾಲಿನಲ್ಲಿ ಕೂರಿಸಬೇಡಿ. ಅವನನ್ನು ಸಂಜೆ ವೇಷ ಕಟ್ಟುವ ಚೌಕಿಗೆ ಕರೆದುಕೊಂಡು ಹೋಗಿ. ಮೇಳದವರನ್ನು ಮೊದಲೇ ಕೇಳಿಕೊಳ್ಳಿ. ಕಲಾವಿದರು ಕನ್ನಡಿ ಹಿಡಿದು ಬಣ್ಣ ಹಚ್ಚುತ್ತಿರುತ್ತಾರೆ, ಮಾತು ಕಡಿಮೆ, ಕಿರೀಟ, ಭುಜಕೀರ್ತಿ ಎಲ್ಲ ಕೈಗೆಟಕುವಷ್ಟು ಹತ್ತಿರ. ವೇಷದ ಆಸೆ ಇದ್ದವನಿಗೆ ರಂಗಸ್ಥಳಕ್ಕಿಂತ ಜಾಸ್ತಿ ಅಲ್ಲೇ ಸಿಗುತ್ತದೆ. ಆಟ ಉಂಟು ಅಂತ ಸಾರುವ ‘ಕೇಳಿ’ ಚೆಂಡೆ ಬಡಿಯುವ ಮೊದಲೇ ಹೊರಟು ಬನ್ನಿ. ಆಟ ನೋಡಲೇಬೇಕು ಅಂತ ಅವನೇ ಹಠ ಮಾಡಿದರೆ ಕಿವಿಗೆ ಇಯರ್ ಮಫ್ ಹಾಕಿ, ಹಿಂದೆ, ದಾರಿಯ ಹತ್ತಿರ ನಿಲ್ಲಿ. ದೈವದ ಕೋಲಕ್ಕೆ ಹೋಗುವಾಗ ಕದಿನ (ಸಿಡಿಮದ್ದು) ಸಿಡಿಸುವ ಹೊತ್ತು ಯಾವುದು ಅಂತ ಕೇಳಿ ತಿಳಿದುಕೊಳ್ಳಿ.

ಕಲೋತ್ಸವಕ್ಕೆ ಚಿತ್ರ ಕೊಡಬೇಕಾ? ಅವನನ್ನೇ ಕೇಳಿ. ಹೇಗೆ ಅಂದರೆ, ಎರಡು ಡಬ್ಬಿ ಇಡಿ. ಒಂದರ ಮೇಲೆ ಮನೆಯ ಫೋಟೋ, ಒಂದರ ಮೇಲೆ ಶಾಲೆಯ ಗೋಡೆಯಲ್ಲಿ ಚಿತ್ರ ತೂಗಿಸಿದ ಫೋಟೋ. ಮೊದಲು ಒಂದು ಹಳೆಯ ಚಿತ್ರವನ್ನು ನಿಜವಾಗಿಯೂ ಶಾಲೆಯ ಗೋಡೆಗೆ ಹಾಕಿ, ಅವನಿಗೆ ತೋರಿಸಿ, ವಾಪಸ್ ತಂದುಕೊಡಿ. ಹೋದದ್ದು ಮರಳಿ ಬರುತ್ತದೆ ಅಂತ ಗೊತ್ತಾಗಬೇಕು. ಆಮೇಲೆ ಅವನು ಯಾವುದನ್ನು ಯಾವ ಡಬ್ಬಿಗೆ ಹಾಕುತ್ತಾನೆ ನೋಡಿ. ಎಲ್ಲವನ್ನೂ ಮನೆಯ ಡಬ್ಬಿಗೆ ಹಾಕಿದರೆ ಕಲೋತ್ಸವ ಬೇಡ. ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹಾಕುವುದಕ್ಕೂ ಇದೇ ನಿಯಮ. ‘ದೇವರ ಮಗು ಬಿಡಿಸಿದ್ದು’ ಅಂತ ಬರೆದು ನಮಸ್ಕಾರದ ಚಿಹ್ನೆ ಹಾಕಿ ಹಂಚುವವರಿಗೆ ಫೋಟೋ ಕೊಡಲೇಬೇಡಿ.

ಮುಂದಿನ ಬದುಕು ಅಂದಿರಿ. ಚಿತ್ರದಿಂದಲೇ ಸಂಪಾದನೆ ಆಗಬೇಕು ಅಂತ ಈಗಲೇ ಲೆಕ್ಕ ಹಾಕಬೇಡಿ. ಅವನ ಕಣ್ಣು ಚಿಕ್ಕ ವ್ಯತ್ಯಾಸಗಳನ್ನು ಹಿಡಿಯುತ್ತದೆ, ಅದಕ್ಕೆ ತೋಟದ ಮನೆಯಲ್ಲಿ ಕೆಲಸ ಉಂಟು. ಅಡಿಕೆ ಸುಲಿದ ಮೇಲೆ ಪಟೋರ, ಉಳ್ಳಿ, ಕೋಕ, ಕರಿಗೋಟು ಅನ್ನುವ ದರ್ಜೆಗಳನ್ನು ಬೇರೆ ಮಾಡುವುದನ್ನು ತೋರಿಸಿಕೊಡಿ. ನಾಲ್ಕು ಬುಟ್ಟಿ, ಒಂದೊಂದರಲ್ಲೂ ಮಾದರಿಗೆ ಎರಡು ಅಡಿಕೆ. ಮೊದಲು ಎರಡೇ ಜಾತಿ ಸಾಕು. ಬೇಸರ ಬಂದರೆ ಎದ್ದು ಹೋಗಲು ಬಿಡಿ. ಕೆಲಸ ಮಾಡಿದ್ದಕ್ಕೆ ಅವನ ಕೈಗೇ ದುಡ್ಡು ಕೊಡಿ, ಮನೆಯವನಾದರೂ ಕೊಡಿ, ಅದರಲ್ಲಿ ಅವನು ಏನು ಬೇಕಾದರೂ ತೆಗೆದುಕೊಳ್ಳಲಿ. ಹದಿನೆಂಟು ದಾಟಿದ ಮೇಲೆ ಹಗಲು ಹೊತ್ತು ಹೋಗಿಬರಲು ಪಂಚಾಯತಿಗಳು ಕೇರಳದ ಮಹಿಳಾ ಸಂಘಟನೆ ಕುಟುಂಬಶ್ರೀ ಜೊತೆ ಸೇರಿ ನಡೆಸುವ ಬಡ್ಸ್ ಪುನರ್ವಸತಿ ಕೇಂದ್ರಗಳಿವೆ. ಒಮ್ಮೆ ಹೋಗಿ ಗಲಾಟೆ ಎಷ್ಟು, ಕನ್ನಡ ಬರುವವರು ಯಾರಾದರೂ ಇದ್ದಾರಾ ನೋಡಿ ಬನ್ನಿ.

ಬಸ್ಸಿನಲ್ಲಿ ಒಬ್ಬನೇ ಹೋಗುವುದನ್ನೂ ಕಲಿಸಬಹುದು, ನಿಧಾನಕ್ಕೆ. ಶಾಲೆ ಮಕ್ಕಳಿಲ್ಲದ ಮಧ್ಯಾಹ್ನದ ಹೊತ್ತು ಆರಿಸಿ. ಮೊದಲು ನೀವು ಪಕ್ಕದ ಸೀಟಿನಲ್ಲಿ, ಆಮೇಲೆ ಎರಡು ಸೀಟು ಹಿಂದೆ, ಆಮೇಲೆ ನೀವು ಹತ್ತಿಸಿ ಮುಂದಿನ ಸ್ಟಾಪಿನಲ್ಲಿ ಇಳಿಸಿಕೊಳ್ಳಲು ಇನ್ನೊಬ್ಬರು. ಆ ಲೈನಿನ ಕಂಡಕ್ಟರಿಗೆ ಅವನ ಪರಿಚಯ ಮಾಡಿಸಿ. ಕಿಸೆಯಲ್ಲಿ ಹೆಸರು, ನಿಮ್ಮ ಫೋನ್ ನಂಬರ್, ‘ನನಗೆ ಮಾತು ಕಡಿಮೆ, ಮುಟ್ಟಬೇಡಿ, ಬರೆದು ತೋರಿಸಿ’ ಅಂತ ಕನ್ನಡ, ಮಲಯಾಳ ಎರಡರಲ್ಲೂ ಬರೆದ ಕಾರ್ಡು ಇರಲಿ. ‘ಚಾ’, ‘ನೀರು’ ಕಾರ್ಡಿನ ಪರೀಕ್ಷೆಯಲ್ಲಿ ಅವನು ಓದುವುದಿಲ್ಲ ಅಂತ ಗೊತ್ತಾದರೆ ‘ಬರೆದು ತೋರಿಸಿ’ ಅನ್ನುವುದನ್ನು ಬಿಟ್ಟುಬಿಡಿ.

ಕೊನೆಯದಾಗಿ ಕಾಗದಪತ್ರ, ಅವನಿಗೆ 18 ತುಂಬಲು ಇನ್ನು ಹೆಚ್ಚು ಸಮಯ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಭಾಗಗಳಲ್ಲಿ ಆಟಿಸಂ ಇದೆ. ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ) ಮಾಡಿಸದಿದ್ದರೆ ಮಾಡಿಸಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ. ಅವನಿಗೆ 18 ತುಂಬಿದ ದಿನದಿಂದ ಕಾನೂನಿನ ಪ್ರಕಾರ ನೀವು ತಾನಾಗಿಯೇ ಪೋಷಕರಾಗಿ ಉಳಿಯುವುದಿಲ್ಲ. ಅವನ ಪರವಾಗಿ ಸಹಿ ಹಾಕುವ ಅಗತ್ಯ ನಿಜವಾಗಿ ಬರುತ್ತದೆ ಅಂತ ಅನಿಸಿದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಡಬೇಕು. ಅದು ಎಲ್ಲರಿಗೂ ಕಡ್ಡಾಯ ಅಲ್ಲ. ಬ್ಯಾಂಕ್ ಖಾತೆ, ಜಾಗದ ಪಾಲು ಇಂಥದ್ದು ಏನಿದೆ ಅಂತ ಮನೆಯಲ್ಲಿ ಕೂತು ಪಟ್ಟಿ ಮಾಡಿ, ಆಮೇಲೆ ಕಾಸರಗೋಡಿನ ಕಲೆಕ್ಟರೇಟಿನಲ್ಲಿ ವಿಚಾರಿಸಿ. ಹೋಗುವಾಗ ಅವನನ್ನೂ ಕರೆದುಕೊಂಡು ಹೋಗಿ, ಅವನ ವಿಷಯ ಅವನ ಎದುರೇ ಮಾತಾಡಿ.